ದೌಂಡದ ಗಾಡಿಯೂ ಮಂತ್ರಿಗಳ ಲೆಕ್ಕವೂ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಹೋದರು. ನಮ್ಮನ್ನಾಳುವ ಮಹನೀಯರಲ್ಲಿ ಅನೇಕರು ಮದುವೆಗಳನ್ನೇನೋ ಭರ್ಜರಿಯಾಗಿ ಮಾಡಿ ತೋರಿಸಿದ್ದಾರೆ. ಆದರೆ ತಿಂಗಳ ಪಗಾರದಲ್ಲಿ ಶಹರದೊಳಗೆ ಒಂದು ಖೋಲಿ ಹಿಡಿಯುವ ಕಷ್ಟವನ್ನು ಅವರು ಕಂಡಂತಿಲ್ಲ. ಕಂಡಿದ್ದರೆ ಅವರ ಕಾಗದಗಳಲ್ಲಿ ಇಂಥ ಲೆಕ್ಕಗಳು ಬರುತ್ತಿರಲಿಲ್ಲ.

ಆ ಲೆಕ್ಕವನ್ನೇ ನೋಡೋಣ. ಕೇಂದ್ರ ಸರ್ಕಾರದ ಮನೆ ಯೋಜನೆಯ ಪ್ರಕಾರ ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ಆದಾಯವಿರುವ ಕುಟುಂಬ ಆರ್ಥಿಕವಾಗಿ ದುರ್ಬಲ ಕುಟುಂಬ. ಅದೇ ಸರ್ಕಾರ 2019ರ ಏಪ್ರಿಲ್‌ನಲ್ಲಿ ಮನೆಗಳ ಮೇಲಿನ ತೆರಿಗೆ ಇಳಿಸಿದಾಗ, ಕೈಗೆಟುಕುವ ಮನೆಯೆಂದರೆ 45 ಲಕ್ಷದವರೆಗಿನ ಮನೆ ಎಂದು ಬರೆಯಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಆ ದುರ್ಬಲ ಕುಟುಂಬ ಒಂದು ಹೊತ್ತೂ ಉಣ್ಣದೆ, ಮಗುವಿಗೊಂದು ಪಾಟಿ ಕೊಳ್ಳದೆ, 15 ವರ್ಷದ ಪೂರ್ತಿ ಆದಾಯವನ್ನು ಕೂಡಿಟ್ಟರೆ ಆ ಮನೆ ಸಿಕ್ಕೀತು. ತಿಂಗಳಿಗೆ 15 ಸಾವಿರ ಎಣಿಸುವ ನಮ್ಮ ಸಪ್ಲಾಯರ್ 25 ವರ್ಷ ಉಪವಾಸ ಕೂಡಬೇಕು. 45 ಲಕ್ಷವೆಂಬುದು ಮೇಲಿನ ಮಿತಿ ಮಾತ್ರ ಎಂದು ಅವರು ವಾದಿಸಬಹುದು. ಆಗಲಿ, ಅರ್ಧ ಬೆಲೆಯ ಮನೆಯನ್ನೇ ಹಿಡಿಯಿರಿ. ಉಪವಾಸ ಹನ್ನೆರಡೂವರೆ ವರ್ಷಕ್ಕೆ ಇಳಿಯುತ್ತದೆ. ಸಾಲ ಮಾಡಿದರೆ ಬಡ್ಡಿ ಬೇರೆ. ಇದು ಯಾರ ಕೈಗೆ ಎಟುಕುವ ಮನೆ?

ರಾಜ್ಯದ ಧುರೀಣರೂ ಹಿಂದೆ ಬಿದ್ದಿಲ್ಲ. 2022ರ ಮಾರ್ಚ್‌ನಲ್ಲಿ ಅಂದಿನ ಮುಖ್ಯಮಂತ್ರಿ ಉದ್ಧವ ಠಾಕರೆಯವರು ಶಾಸಕರಿಗೆ ಮುಂಬಯಿಯಲ್ಲಿ 300 ಕಾಯಂ ಮನೆಗಳನ್ನು ಕೊಡುವುದಾಗಿ ವಿಧಾನಸಭೆಯಲ್ಲಿ ಸಾರಿದರು. ಜನ ಕೆರಳಿದರು. ಆಗ ವಸತಿ ಮಂತ್ರಿ ಜಿತೇಂದ್ರ ಆವ್ಹಾಡರು, ಮನೆ ಬಿಟ್ಟಿಯಲ್ಲ, ಸುಮಾರು 70 ಲಕ್ಷ ಬೀಳುತ್ತದೆ ಎಂದು ಸಮಾಧಾನ ಹೇಳಿದರು. 70 ಲಕ್ಷವೆಂಬ ಮಾತಿನಿಂದ ಬಡವನ ಸಿಟ್ಟು ತಣಿದೀತೆಂದು ನಂಬಿದವರಿಗೆ ಬಡವನ ಚೀಲದಲ್ಲಿ ಏನಿದೆಯೆಂಬುದು ಗೊತ್ತಿಲ್ಲ. ಊರು ಬಿಟ್ಟು ಬಂದವನಿಗೆ ಶಹರದಲ್ಲೊಂದು ಸೂರು ಬೇಕೆಂಬ ಸತ್ಯ ಶಾಸಕರ ವಿಷಯದಲ್ಲಿ ಅವರಿಗೆ ಚೆನ್ನಾಗಿ ಹೊಳೆಯಿತು. ಅಡುಗೆ ಭಟ್ಟನ, ಕ್ಲೀನರನ, ಗಿರಣಿ ಕಾಮಗಾರನ ವಿಷಯದಲ್ಲಿ ಮಾತ್ರ ಹೊಳೆಯದು.

ಹಾಗಾದರೆ ಪುಣೆಯಲ್ಲಿ ದುಡಿಯುವ ನಾವು ಎಲ್ಲಿ ತಲೆಯಿಡುತ್ತೇವೆ? ಖೋಲಿ ಸಿಗದವರು ಮೊದಲು ಹಡಪಸರಕ್ಕೆ ಸರಿದೆವು. ಅಲ್ಲಿ ಬಾಡಿಗೆ ಏರಿತು; ಲೋಣಿ, ಉರಳಿ ಕಾಂಚನಕ್ಕೆ ಹೋದೆವು. ಅಲ್ಲಿಂದ ಯವತ, ಕೇಡಗಾಂವ. ಈಗ ನಮ್ಮಲ್ಲಿ ಅನೇಕರ ಬಿಡಾರ ದೌಂಡದಲ್ಲಿ, ಪುಣೆಯಿಂದ ಸುಮಾರು 75 ಕಿಲೋಮೀಟರು ಆಚೆ. ಊರ ಮಗ್ಗುಲಲ್ಲಿ ಹರಿಯುವ ಭೀಮೆ ಮುಂದೆ ನಮ್ಮ ವಿಜಯಪುರ, ಕಲಬುರ್ಗಿ ಸೀಮೆಗೆ ಇಳಿದು ಹೋಗುತ್ತಾಳೆ. ಇನ್ನಷ್ಟು ಹಿಂದೆ ಸರಿದರೆ ನಾವೂ ಅವಳ ಹಿಂದೆಯೇ ಊರು ಸೇರಬೇಕಾದೀತು!

ದೌಂಡದಲ್ಲಿ ಬಾಡಿಗೆ ಅಗ್ಗವೆಂದು ಹೇಳುವವರು ಗಾಡಿಯ ಲೆಕ್ಕವನ್ನೂ ಹಿಡಿಯಲಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ. ತಿಂಗಳ 26 ದಿನಕ್ಕೆ 78 ಗಂಟೆ. ಎಂಟು ತಾಸಿನ ಪಾಳಿಯ ಪ್ರಕಾರ ಹತ್ತಿರ ಹತ್ತು ಪಾಳಿಯ ಬಿಟ್ಟಿ ದುಡಿಮೆ! ಹೋಟೆಲಿನವನ ಪಾಡು ಇನ್ನೂ ಕೆಟ್ಟದ್ದು. ರಾತ್ರಿ ಹನ್ನೊಂದಕ್ಕೆ ಬಾಗಿಲು ಮುಚ್ಚಿ, ಪಾತ್ರೆ ಬೆಳಗಿ, ನೆಲ ತೊಳೆಯುವಷ್ಟರಲ್ಲಿ ಗಾಡಿ ಹೋಗಿರುತ್ತದೆ. ಮೇಜು ಜೋಡಿಸಿ ಅಲ್ಲಿಯೇ ಮಲಗುತ್ತಾನೆ. ಹೆಂಡತಿ ಮಕ್ಕಳು ದೌಂಡದಲ್ಲಿ, ತಾನು ಮೇಜಿನ ಮೇಲೆ. ವಾರಕ್ಕೊಮ್ಮೆ ಮನೆಗೆ ಹೋದರೆ ಎಳೆಯ ಕೂಸು ಅಪ್ಪನ ಗುರುತು ಹಿಡಿಯದೆ ಅಳುತ್ತದೆ. ಈ ನಷ್ಟವನ್ನು ಯಾವ ಮಂತ್ರಿಯ ಲೆಕ್ಕದಲ್ಲಿ ಬರೆಸೋಣ?

ಮನೆಯ ಬೆಲೆ ಪೇಟೆಯ ವಿಷಯ, ಸರ್ಕಾರವೇನು ಮಾಡೀತು ಎಂದು ಕೇಳುವವರಿದ್ದಾರೆ. ಅವರು ಮುಂಬಯಿ ಗಿರಣಿಗಳ ಕಥೆಯನ್ನು ಕೇಳಲಿ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯ ಜಾಗದಲ್ಲಿ ಮೂರರಲ್ಲೊಂದು ಪಾಲು ಶಹರದ ಬಯಲಿಗೆ, ಒಂದು ಪಾಲು ಸರ್ಕಾರಿ ವಸತಿಗೆ ಎಂದು 1991ರ ನಿಯಮ ಹೇಳಿತು. 2001ರಲ್ಲಿ ಆ ನಿಯಮವನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲದಲ್ಲಿ ಮಾತ್ರ ಈ ಪಾಲು ಎಂದರು. ಕಾಮಗಾರನ ಪಾಲು ಕರಗಿತು, ಮಾಲಕನ ಪಾಲು ಉಬ್ಬಿತು. ತಿದ್ದಿದ್ದು ಸರ್ಕಾರದ ಲೇಖಣಿ, ಪೇಟೆಯ ತಕ್ಕಡಿಯಲ್ಲ. 2024ರಲ್ಲಿ ಅದೇ ಕಾಮಗಾರರಿಗೆ ಕರ್ಜತ್ ಲೈನಿನ ಶೇಲು, ವಾಂಗಣಿಗಳಲ್ಲಿ ಮನೆಗಳ ಆಶೆ ತೋರಿಸಿದರು. ಗಿರಣಿ ಇದ್ದದ್ದು ಪರೇಲ, ಲಾಲಬಾಗದಲ್ಲಿ, ಮನೆ ವಾಂಗಣಿಯಲ್ಲಿ! ಮುಪ್ಪಿನ ಕಾಮಗಾರರು 2025ರ ಜುಲೈನಲ್ಲಿ ಆಜಾದ್ ಮೈದಾನದಲ್ಲಿ ಕೂತು, ಮನೆ ಮುಂಬಯಿಯಲ್ಲೇ ಬೇಕೆಂದು ಕೇಳಿದರು. ಅವರ ವಾಂಗಣಿ, ನಮ್ಮ ದೌಂಡ: ಎರಡೂ ಒಂದೇ ಕಥೆ.

ಆದರೆ ಬಂಧುಗಳೇ, ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. ನಮ್ಮಲ್ಲಿ ಬಹು ಮಂದಿಯ ಓಟು ಇನ್ನೂ ಊರಿನ ಪಟ್ಟಿಯಲ್ಲಿದೆ. ದುಡಿಮೆ ಪುಣೆಯಲ್ಲಿ, ಬಿಡಾರ ದೌಂಡದಲ್ಲಿ, ಓಟು ಇಂಡಿಯಲ್ಲೋ ಅಫಜಲಪುರದಲ್ಲೋ. ಓಟಿಲ್ಲದವನ ಖೋಲಿಯ ಚಿಂತೆ ಯಾವ ಉಮೇದುವಾರನಿಗೆ ಬೇಕು? ಹೆಸರನ್ನು ವಾಸವಿರುವ ಊರಿಗೆ ವರ್ಗಾಯಿಸಲು 8ನೆಯ ನಮೂನೆಯ ಅರ್ಜಿಯಿದೆ. ಸಂಘದ ಕಚೇರಿಗೆ ಬನ್ನಿರಿ, ತುಂಬಿ ಕೊಡುತ್ತೇವೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಕೈಗೆಟುಕುವ ಮನೆಯ ಬೆಲೆಯನ್ನು ಕಾರ್ಮಿಕನ ಪಗಾರದಿಂದ ಅಳೆಯಿರಿ. ಶಹರದ ಸರ್ಕಾರಿ ನೆಲದಲ್ಲಿ ಬಾಡಿಗೆಯ ಖೋಲಿಗಳನ್ನು ಕಟ್ಟಿರಿ. ಕೊಳ್ಳಲಾರದವನಿಗೆ ಬಾಡಿಗೆಯ ಮನೆಯೇ ಮನೆ. ಅಲ್ಲಿಯವರೆಗೆ ಹೋಟೆಲು ಮುಚ್ಚಿದ ಮೇಲೆ ದೌಂಡಕ್ಕೆ ಒಂದು ಗಾಡಿಯನ್ನಾದರೂ ಬಿಡಿರಿ.

ಮುಂದಿನ ಚುನಾವಣೆಯಲ್ಲಿ ಕೈಮುಗಿದು ಬರುವ ಉಮೇದುವಾರರಿಗೆ ನಾವು ಹಾರ ಹಾಕುವುದು ಬೇಡ. ಒಂದೇ ಪ್ರಶ್ನೆ ಕೇಳೋಣ: ಸ್ವಾಮಿ, ತಮ್ಮ ಮನೆಯ ಬಾಡಿಗೆಯನ್ನು ತಾವು ಕೊನೆಯ ಸಲ ಸ್ವಂತ ಜೇಬಿನಿಂದ ಕೊಟ್ಟದ್ದು ಯಾವಾಗ? ಉತ್ತರ ಹೇಳಲು ತಡವರಿಸಿದವರನ್ನು, ಬೆಳಗಿನ ದೌಂಡ ಗಾಡಿಯಲ್ಲಿ ನಮ್ಮ ಜೊತೆ ಒಂದು ದಿನ ನಿಂತುಕೊಂಡು ಬರಲು ಕರೆಯೋಣ.