ತೂತು ಕೂಡದಿದ್ದರೆ ತಪ್ಪು ತೂತಿನದಲ್ಲ

ಇವತ್ತು ಬೆಳೆ ಬಗ್ಗೆ ಅಲ್ಲ, ಬೆಳೆ ಹೊರುವ ಗಾಡಿ ಬಗ್ಗೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಪಿಕಪ್ಪು, ಟಾಟಾ ಏಸ್, ಬೊಲೆರೊ, ಹಳೇ ಓಮ್ನಿ, ಯಾವುದು ಇಟ್ಟುಕೊಂಡಿದ್ದರೂ ಈ ಮಾತು ನಿಮಗೆ ಸಂಬಂಧಪಟ್ಟಿದ್ದು.

ನನ್ನ ವಾದ ಇಷ್ಟೇ. ಹಿಂದಿನ ಸಸ್ಪೆನ್ಷನ್ ಕೂರಿಸುವಾಗ ಬೋಲ್ಟಿನ ತೂತು ಒಂದಕ್ಕೊಂದು ಕೂಡದಿದ್ದರೆ ಸುತ್ತಿಗೆ ಎತ್ತೋದು, ಗ್ಯಾಸ್ ಹಚ್ಚಿ ತೂತು ದೊಡ್ಡದು ಮಾಡೋದು ರಿಪೇರಿ ಅಲ್ಲ, ಕೆಲಸಗಳ್ಳತನ. ಅದಕ್ಕೆ ದುಡ್ಡು ಕೊಡೋ ಗಿರಾಕಿ ನಾವು.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ನಿಮಗೆಲ್ಲ ಗೊತ್ತು. ಒಂದು ಕಡೆ ಇನ್ಫೋಸಿಸ್, ಇನ್ನೊಂದು ಕಡೆ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸೋ ಸಿಪೆಟ್, ಸುತ್ತ ಸಣ್ಣ ದೊಡ್ಡ ಮೆಷಿನ್ ಶಾಪು. ಆ ಗೋಡೆಗಳ ಒಳಗೆ ಲೋಹದಲ್ಲಿ ತೂತು ಕೊರೆಯೋರು ಮಿಲಿಮೀಟರಿನ ನೂರನೇ ಭಾಗಕ್ಕೆ ಲೆಕ್ಕ ಇಡ್ತಾರೆ, ಸ್ವಲ್ಪ ಆಚೀಚೆ ಆದರೂ ಆ ಮಾಲು ರಿಜೆಕ್ಟು. ಅದೇ ಗೋಡೆಯಿಂದ ಆಚೆ ಬಂದರೆ, ಶೀಟಿನ ಶೆಡ್ಡಿನಲ್ಲಿ, ಮೂರು ಮಿಲಿಮೀಟರ್ ಕೂಡಲಿಲ್ಲ ಅಂದ್ರೆ "ಸುಡು ಅತ್ಲಾಗೆ". ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದ ಊರು ಇದು. ಕೈಗೆಲಸ ಗೊತ್ತಿಲ್ಲದ ಊರೇನಲ್ಲ. ಕೊರತೆ ಇರೋದು ತಾಳ್ಮೆಗೆ.

ಹೋದ ತಿಂಗಳು ಅಂಥದೊಂದು ಶೆಡ್ಡಿಗೆ ಪಿಕಪ್ಪಿನ ಹಿಂದಿನ ಬ್ಲೇಡ್ ಸೆಟ್ ಬದಲಾಯಿಸೋಕೆ ಹೋಗಿದ್ದೆ. ಹೆಸರು ಬರೆಯಲ್ಲ. ಮುಂದಿನ ಕಣ್ಣು ಕೂತಿತು, ಹಿಂದೆ ಶಾಕಲ್ಲಿಗೆ ಬೋಲ್ಟು ಹೋಗಲಿಲ್ಲ. ಎರಡು ಸಲ ಸುತ್ತಿಗೆಯಲ್ಲಿ ಬಡಿದ ಹುಡುಗ ಗ್ಯಾಸ್ ಪೈಪ್ ಎಳೆಯೋಕೆ ಹೋದ. ಬೇಡ ಅಂದೆ. ಮೇಸ್ತ್ರಿ, "ಯಜಮಾನ್ರೇ, ಲೋಕಲ್ ಮಾಲು, ತೂತು ಹಿಂಗೇ ಇರ್ತದೆ" ಅಂದರು. ಗಾಡಿಯಲ್ಲಿದ್ದ ಬಾಟಲ್ ಜಾಕು ತಂದು ಆಕ್ಸಲ್ ಕೆಳಗೆ ಇಡಿಸಿ, ನಿಧಾನಕ್ಕೆ ಎತ್ತಿ ಅಂದೆ. ನಾಲ್ಕು ಸಲ ಹ್ಯಾಂಡಲ್ ಒತ್ತಿದ್ದಕ್ಕೆ ತೂತಿಗೆ ತೂತು ಬಂತು, ಬೋಲ್ಟು ಕೈಯಲ್ಲೇ ಒಳಗೆ ಹೋಯ್ತು.

ಇದರಲ್ಲಿ ಮಂತ್ರ ಏನೂ ಇಲ್ಲ. ಬ್ಲೇಡು ಬಿಲ್ಲಿನ ಹಾಗೆ ಬಾಗಿರುತ್ತೆ. ಭಾರ ಇಲ್ಲದಾಗ ಬಾಗು ಜಾಸ್ತಿ, ಎರಡು ಕಣ್ಣುಗಳ ನಡುವಿನ ದೂರ ಕಮ್ಮಿ. ಭಾರ ಬಿದ್ದರೆ ಬಿಲ್ಲು ಚಪ್ಪಟೆಯಾಗಿ ಉದ್ದ ಆಗುತ್ತೆ. ಆ ಉದ್ದಕ್ಕೆ ಜಾಗ ಬೇಕು ಅಂತಲೇ ಹಿಂದೆ ಆಡೋ ಶಾಕಲ್ ಇಟ್ಟಿರೋದು. ಜೋತುಬಿದ್ದ ಗಾಡಿಯಲ್ಲಿ ತೂತು ಕೂಡದೇ ಇರೋದು ಸಹಜ. ಆಕ್ಸಲ್ ಎತ್ತಿ, ಬ್ಲೇಡಿಗೆ ಭಾರ ಕೊಡಿ, ಕೂಡುತ್ತೆ.

ಕಾಯಿಲ್ ಸ್ಪ್ರಿಂಗ್ ಗಾಡಿಗೂ ಇದೇ ನ್ಯಾಯ. ಅಡ್ಡಕ್ಕೆ ಪ್ಯಾನ್‌ಹಾರ್ಡ್ ರಾಡ್ ಇರೋ ಗಾಡಿಯಲ್ಲಿ ರಾಡಿನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್ಲಿಗೆ. ಆಕ್ಸಲ್ ಜೋತುಬಿಟ್ಟು ಕೊನೆ ಬೋಲ್ಟು ಹಾಕೋಕೆ ಹೋದರೆ ತೂತು ಪಕ್ಕಕ್ಕೆ ಸರಿದಿರುತ್ತೆ. ಆಕ್ಸಲ್ಲನ್ನ ಗಾಡಿ ನೆಲದ ಮೇಲೆ ನಿಂತಾಗ ಇರೋ ಮಟ್ಟಕ್ಕೆ ತನ್ನಿ. ಇನ್ನೂ ಒಂಚೂರು ಉಳಿದರೆ ಒಬ್ಬರು ಗಾಡಿಯನ್ನ ಪಕ್ಕದಿಂದ ತಳ್ಳಲಿ, ಇನ್ನೊಬ್ಬರು ಬೋಲ್ಟು ತೂರಿಸಲಿ.

ರೈತರಿಗೆ ಇದನ್ನ ಹೇಳಿಕೊಡಬೇಕಾಗೇ ಇಲ್ಲ. ರೋಟವೇಟರ್ ಹೇಗೆ ಸಿಕ್ಕಿಸ್ತೀರಿ? ಮೊದಲು ಎಡಗಡೆ ಲೋವರ್ ಲಿಂಕು. ಆಮೇಲೆ ಬಲಗಡೆದು, ಎತ್ತರ ಹೊಂದಿಸೋ ಹಿಡಿಕೆ ಇರೋದು ಆ ಕಡೆ. ಕೊನೆಗೆ ಟಾಪ್ ಲಿಂಕನ್ನ ತಿರುಗಿಸಿ ಉದ್ದ ಗಿಡ್ಡ ಮಾಡಿ ಪಿನ್ನು ಹಾಕ್ತೀರಿ. ಪಿನ್ನು ಹೋಗಲಿಲ್ಲ ಅಂದ್ರೆ ಟ್ರ್ಯಾಕ್ಟರನ್ನ ಒಂದು ಗೇಣು ಹಿಂದೆ ಮುಂದೆ ಮಾಡ್ತೀರಿ. ಯಾರಾದರೂ ಲಿಂಕಿನ ತೂತು ಸುಟ್ಟು ದೊಡ್ಡದು ಮಾಡಿದ್ದುಂಟಾ? ನಮ್ಮ ಟ್ರ್ಯಾಕ್ಟರಿಗೆ ಒಂದು ಧರ್ಮ, ನಮ್ಮ ಪಿಕಪ್ಪಿಗೆ ಇನ್ನೊಂದು ಧರ್ಮ ಯಾಕೆ?

"ಒಂದು ತೂತು ದೊಡ್ಡದಾದರೆ ಏನು ಮುಳುಗಿಹೋಯ್ತು" ಅನ್ನೋರಿಗೆ ಉತ್ತರ ಕೊಡ್ತೀನಿ. 12 ಮಿ.ಮೀ. ಬೋಲ್ಟನ್ನ 14 ಮಿ.ಮೀ. ತೂತಿನಲ್ಲಿ ಹಾಕಿದರೆ ನಟ್ಟು ಗಟ್ಟಿ ಇರೋವರೆಗೆ ಸುಮ್ಮನಿರುತ್ತೆ. ಒಂಚೂರು ಸಡಿಲ ಆದ ದಿನದಿಂದ ಪ್ರತಿ ಹಳ್ಳಕ್ಕೂ ಬೋಲ್ಟು ತೂತಿನ ಗೋಡೆಗೆ ಗುದ್ದುತ್ತೆ. ತೂತು ಮೊಟ್ಟೆಯಾಕಾರಕ್ಕೆ ಬರುತ್ತೆ, ಬೋಲ್ಟಿನ ಮೈ ಸವೆಯುತ್ತೆ, ಒಂದು ದಿನ ಲೋಡಿನಲ್ಲೇ ತುಂಡಾಗುತ್ತೆ. ಇನ್ನು ಬೆಂಕಿ. ಬ್ಲೇಡಿನ ಉಕ್ಕಿಗೆ ಹದ ಕೊಟ್ಟಿರುತ್ತಾರೆ. ಗ್ಯಾಸ್ ತಾಗಿದ ಜಾಗದಲ್ಲಿ ಆ ಹದ ಹೋಯ್ತು. ಕುಲುಮೆ ಕಂಡ ಹಿರಿಯರನ್ನ ಕೇಳಿ, ಹದ ತಪ್ಪಿದ ಕುಡುಗೋಲು ಏನಾಗುತ್ತೆ ಅಂತ ಅವರೇ ಹೇಳ್ತಾರೆ.

ಇನ್ನೊಂದು ಮೋಸ ಕಣ್ಣಿಗೇ ಕಾಣಲ್ಲ. ಬ್ಲೇಡುಗಳನ್ನ ಕಟ್ಟಿರೋ ಸೆಂಟರ್ ಬೋಲ್ಟಿನ ತಲೆ, ಆಕ್ಸಲ್ ಮೇಲಿರೋ ಪ್ಯಾಡಿನ ಗುಳಿಯಲ್ಲಿ ಕೂರಬೇಕು. ಆಕ್ಸಲ್ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋದೇ ಅದು. ತಲೆ ಗುಳಿಗೆ ಕೂರದೆ ಮೇಲೆ ಯು ಬೋಲ್ಟ್ ಬಿಗಿದರೆ ಗಾಡಿ ಓಡುತ್ತೆ, ಆದರೆ ಓರೆಯಾಗಿ. ಲೆಕ್ಕ ಹಾಕಿ: ಎರಡು ಬ್ಲೇಡ್ ಸೆಟ್‌ಗಳ ನಡುವೆ 1 ಮೀಟರ್ ಇದ್ದು, ಒಂದು ಕಡೆ 5 ಮಿ.ಮೀ. ಹಿಂದೆ ಕೂತರೆ, 3 ಮೀಟರ್ ವೀಲ್‌ಬೇಸಿನಲ್ಲಿ 15 ಮಿ.ಮೀ. ಓರೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟ ಹಿಡಿಯಬೇಕಾಗುತ್ತೆ. ನಾವು ಮುಂದಿನ ಚಕ್ರದ ಅಲೈನ್‌ಮೆಂಟಿಗೆ ಮತ್ತೆ ಮತ್ತೆ ದುಡ್ಡು ಸುರಿಯುತ್ತೀವಿ. ರೋಗ ಇರೋದು ಹಿಂದೆ, ಮುಂದೆ ಮದ್ದು ಹಚ್ಚಿದರೆ ವಾಸಿ ಆಗುತ್ತಾ?

ಬುಷ್ಷಿನ ಕಥೆಯೂ ಇಷ್ಟೇ. ರಬ್ಬರ್ ಬುಷ್ ಇರೋ ಜಾಗದಲ್ಲಿ ಎಲ್ಲಾ ಬೋಲ್ಟುಗಳನ್ನ ಮೊದಲು ಸಡಿಲವಾಗೇ ತೂರಿಸಬೇಕು. ಒಂದನ್ನ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯದು ಕೂಡಲ್ಲ. ಎಲ್ಲಾ ಕೂತ ಮೇಲೆ, ಗಾಡಿ ಭಾರ ಚಕ್ರದ ಮೇಲೆ ಬಂದ ಮೇಲೆ ಪೂರ್ತಿ ಬಿಗಿಯಬೇಕು. ಜೋತುಬಿದ್ದಾಗಲೇ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಆಗ "ಬುಷ್ ಡೂಪ್ಲಿಕೇಟು" ಅಂತ ಅಂಗಡಿಯವನನ್ನ ಬೈತೀವಿ.

ಮೇಸ್ತ್ರಿಗಳ ಪರವಾಗಿಯೂ ಒಂದು ಮಾತು. "ಮಾಲೇ ಸರಿ ಇಲ್ಲ" ಅನ್ನೋದು ಕೆಲವು ಸಲ ನಿಜ. ಆದರೆ ಅದನ್ನ ಗಾಡಿ ಎತ್ತೋ ಮೊದಲೇ ನೋಡಬೇಕು. ಹಳೇ ಸೆಟ್ಟು, ಹೊಸ ಸೆಟ್ಟು ಪಕ್ಕಪಕ್ಕ ಇಟ್ಟು ಟೇಪ್ ಹಿಡಿಯಿರಿ. ಸೆಂಟರ್ ಬೋಲ್ಟಿನಿಂದ ಮುಂದಿನ ಕಣ್ಣಿಗೆ ಎಷ್ಟು, ಹಿಂದಿನ ಕಣ್ಣಿಗೆ ಎಷ್ಟು? ಎಷ್ಟೋ ಗಾಡಿಗಳಲ್ಲಿ ಎರಡೂ ಸಮ ಇರಲ್ಲ. ಹಿಂದುಮುಂದಾಗಿ ಹಾಕಿದರೆ ಆಕ್ಸಲ್ಲೇ ಜಾಗ ಬಿಟ್ಟಿರುತ್ತೆ. ಅಳತೆ ತಪ್ಪಿದ್ದರೆ ವಾಪಸ್ ಕೊಡಿ. ಗ್ಯಾಸ್ ತಾಗಿಸಿದ ಮಾಲನ್ನ ಯಾವ ಅಂಗಡಿಯೂ ವಾಪಸ್ ತಗೊಳಲ್ಲ.

ಅವಸರ ಮಾಡೋ ಗಿರಾಕಿಗೂ ಇದರಲ್ಲಿ ಪಾಲಿದೆ. "ರಾತ್ರಿಯೇ ಬಂಡೀಪಾಳ್ಯ ಮಾರ್ಕೆಟ್ಟಿಗೆ ಲೋಡು ಹೋಗಬೇಕು, ಅರ್ಧ ಗಂಟೇಲಿ ಮಾಡು" ಅಂತ ಕತ್ತಿನ ಮೇಲೆ ಕೂತರೆ, ಮುನ್ನೂರು ರೂಪಾಯಿಗೆ ಚೌಕಾಸಿ ಮಾಡಿದರೆ, ಆ ಹುಡುಗ ಸುತ್ತಿಗೆ ಎತ್ತದೆ ಇನ್ನೇನು ಮಾಡ್ತಾನೆ? ಅವನ ಕೈ ನೋಡಿದ್ದೀರಾ? ತೂತು ಕೂಡಿತಾ ಅಂತ ಬೆರಳು ಹಾಕಿ ನೋಡ್ತಾನೆ. ಬ್ಲೇಡು ಜಾರಿದರೆ ಅದು ಕತ್ತರಿ. ಮೊನೆ ಸಣ್ಣಗಿರೋ ಒಂದು ಕಬ್ಬಿಣದ ಪಿನ್ನು ತೂರಿಸಿ ತೂತು ನೇರ ಮಾಡಬಹುದು. ಅದಕ್ಕೆ ದೊಡ್ಡ ಖರ್ಚಿಲ್ಲ. ಗಾಡಿ ನಿಂತಿರೋದು ಹಾಲೋ ಬ್ಲಾಕಿನ ಮೇಲೆ. ಅದು ಪುಡಿಯಾದರೆ ಕೆಳಗೆ ಮಲಗಿರೋನು ಯಾರ ಮಗ?

ಆದ್ದರಿಂದ ಮುಂದಿನ ಸಲ ಶೆಡ್ಡಿಗೆ ಹೋದಾಗ ಹೀಗೆ ಕೇಳಿ. ಗಾಡಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಆಕ್ಸಲ್ಲಿಗೆ ಬೇರೆ ಜಾಕು ಕೊಡಿ. ಬೆರಳಲ್ಲ, ಪಿನ್ನು ಹಾಕಿ. ಸೆಂಟರ್ ಬೋಲ್ಟಿನ ತಲೆ ಗುಳಿಗೆ ಕೂತಿದ್ದನ್ನ ತೋರಿಸಿ, ಆಮೇಲೆ ಯು ಬೋಲ್ಟ್ ಬಿಗಿಯಿರಿ. ಯು ಬೋಲ್ಟು ಹೊಸದೇ ಇರಲಿ. ಚಕ್ರ ನೆಲಕ್ಕೆ ಬಂದ ಮೇಲೆ ಕೊನೇ ಬಿಗಿತ. ಒಂದೆರಡು ಲೋಡು ಓಡಿದ ಮೇಲೆ ಇನ್ನೊಂದು ಸಲ ಪಾನಾ ಹಾಕಿ ನೋಡಿ.

ಇಷ್ಟಕ್ಕೆ ಒಂದು ಗಂಟೆ ಹೆಚ್ಚು ಹಿಡಿಯುತ್ತೆ, ಇನ್ನೂರು ರೂಪಾಯಿ ಹೆಚ್ಚು ಕೇಳ್ತಾರೆ. ಕೊಡಿ. ಔಷಧಿ ಅಂಗಡಿಯವನು ಹೇಳಿದ ಡಬ್ಬಕ್ಕೆ ಬಾಯಿ ಮುಚ್ಚಿಕೊಂಡು ಸಾವಿರ ಕೊಡೋರು ನಾವು. ನೆಟ್ಟಗೆ ಕೂತ ಬೋಲ್ಟಿಗೆ ಇನ್ನೂರು ಕೊಡೋಕೆ ಯಾಕೆ ಹೊಟ್ಟೆ ಉರಿ?