ಅರ್ಧ ಕರಗಿದ ಕೋಳಿ: ಎಸೆಯಬೇಕೋ, ಇಡಬೇಕೋ?



ಕಾಲೇಜಿನ ಪತ್ರಿಕೆಯಲ್ಲಿ ಕೋಳಿ ಮಾಂಸದ ಬಗ್ಗೆ ಬರೆಯುವುದೇ ಎಂದು ನೀವು ನಗಬಹುದು. ಆದರೆ ಕಳೆದ ಏಪ್ರಿಲ್‌ನಲ್ಲಿ ಇದೇ ವಿಷಯಕ್ಕೆ ನಮ್ಮ ಮನೆಯಲ್ಲಿ ಎರಡು ದಿನ ಮಾತು ನಿಂತಿತ್ತು. ತಪ್ಪು ನನ್ನದೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕುಷ್ಟಗಿಯಿಂದ ಖಾಲಾ ಮನೆಯವರು ಬರುವವರಿದ್ದರು. ಅಬ್ಬು ಎರಡು ಕಿಲೋ ಕೋಳಿ ಕೊಯ್ಸಿಕೊಂಡು ತಂದಿದ್ದರು. ಅಮ್ಮಿ ಅದನ್ನು ರಾತ್ರಿಯೇ ಫ್ರೀಜರ್‌ನಲ್ಲಿಟ್ಟು, ಮರುದಿನ ಬೆಳಿಗ್ಗೆ ಏಳಕ್ಕೆ ಹೊರಗೆ ತೆಗೆದು ಸ್ಟೀಲ್ ಬೋಗುಣಿಯಲ್ಲಿಟ್ಟರು. ಮುಕ್ಕಾಲು ಗಂಟೆಯೂ ಆಗಿರಲಿಲ್ಲ, ಫೋನ್ ಬಂತು: ಈ ವಾರ ಬರುವುದಿಲ್ಲವಂತೆ. ಅಮ್ಮಿ ಮುಟ್ಟಿ ನೋಡಿದರು. ಮೇಲೆ ಮೆತ್ತಗಾಗಿತ್ತು, ನಡುವೆ ಇನ್ನೂ ಕಲ್ಲಿನಂತಿತ್ತು. ಮತ್ತೆ ಫ್ರೀಜರ್‌ಗೆ ಇಡಲು ಹೊರಟಾಗ ನಾನು ತಡೆದೆ. "ಒಮ್ಮೆ ಕರಗಿದ್ದನ್ನ ಮತ್ತ ಇಟ್ರ ವಿಷ ಆಗತೈತಿ, ನಾನು ಸೈನ್ಸ್ ಓದಾಕತ್ತೀನಿ, ನನಗ ಗೊತ್ತೈತಿ" ಎಂದು ಜೋರು ಮಾಡಿದೆ. ಅಮ್ಮಿ ಎಸೆದುಬಿಟ್ಟರು. ಅಬ್ಬು ಅವರ ಅರ್ಧ ದಿನದ ದುಡಿಮೆ ಓಣಿಯ ನಾಯಿಗಳ ಪಾಲಾಯಿತು. ಸುಫ್ರಾದ ಮೇಲೆ ಬಿದ್ದ ಒಂದು ಅಗುಳನ್ನೂ ಎತ್ತಿ ತಿನ್ನುವ ದಾದಿ ಅವತ್ತು ನನ್ನ ಮುಖ ನೋಡಲಿಲ್ಲ.

ನನಗೆ ಅಷ್ಟು ಹೆದರಿಕೆ ಬರಲು ಕಾರಣವಿತ್ತು. ಎರಡು ವರ್ಷದ ಹಿಂದೆ ಬಕ್ರೀದ್ ಹಬ್ಬಕ್ಕೆ ಯಲಬುರ್ಗಾದ ಸಂಬಂಧಿಕರ ಮನೆಗೆ ಹೋಗಿದ್ದೆವು. ರಾತ್ರಿ ಗಾಳಿ ಮಳೆಗೆ ಹೋದ ಕರೆಂಟ್ ಮರುದಿನ ಸಂಜೆಗೆ ಬಂತು. ಅಷ್ಟರಲ್ಲಿ ಫ್ರಿಜ್‌ನ ಬಾಗಿಲನ್ನು ಎಷ್ಟು ಸಲ ತೆರೆದಿದ್ದೆವೋ ಲೆಕ್ಕವಿಲ್ಲ. ಮಾಂಸ ಪೂರ್ತಿ ಮೆತ್ತಗಾಗಿ, ಕೆಳಗೆ ಕೆಂಪು ನೀರು ನಿಂತಿತ್ತು. ಕರೆಂಟ್ ಬಂದಮೇಲೆ ಅದು ಮತ್ತೆ ಗಟ್ಟಿಯಾಯಿತು, ಎಲ್ಲರಿಗೂ ಸಮಾಧಾನವಾಯಿತು. ಅದನ್ನು ಅಡುಗೆ ಮಾಡಿ ಉಂಡ ರಾತ್ರಿ ನನಗೂ ತಮ್ಮನಿಗೂ ವಾಂತಿ, ಭೇದಿ. ಮಾಂಸದಿಂದಲೇ ಆಯಿತೆಂದು ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ. ಆದರೆ ಹೆದರಿಕೆ ಉಳಿಯಿತು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಸೆಯಬೇಕಾದದ್ದನ್ನು ನಾವು ಉಂಡೆವು, ಉಳಿಸಿಕೊಳ್ಳಬಹುದಾದದ್ದನ್ನು ಎಸೆದೆವು. ಎರಡಕ್ಕೂ ಒಂದೇ ಕಾರಣ: ಹಾಳು ಮಾಡುವುದು ಮತ್ತೆ ಗಟ್ಟಿ ಮಾಡುವ ಕೆಲಸವಲ್ಲ, ನಡುವೆ ಅದು ಬೆಚ್ಚಗಿದ್ದ ಸಮಯ ಎಂಬುದು ನಮಗೆ ಗೊತ್ತಿರಲಿಲ್ಲ.

ನಾವು ಓದುವ ಜೀವಶಾಸ್ತ್ರವೇ ಇದನ್ನು ಹೇಳುತ್ತದೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಇರಬಹುದು. ಫ್ರೀಜರ್ ಅವನ್ನು ಪೂರ್ತಿಯಾಗಿ ಕೊಲ್ಲುವುದಿಲ್ಲ, ಬೆಳೆಯದಂತೆ ನಿಲ್ಲಿಸುತ್ತದೆ ಅಷ್ಟೇ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖವೇ ಅಪಾಯದ ವಲಯ. ಅನುಕೂಲ ಸಿಕ್ಕರೆ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಅಂದರೆ ಎರಡು ಗಂಟೆಯಲ್ಲಿ ಒಂದು 64 ಆಗುತ್ತದೆ, ಆರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತದೆ. ಆಮೇಲೆ ಫ್ರೀಜರ್‌ಗೆ ಇಟ್ಟರೆ ಅಷ್ಟೂ ಅಲ್ಲೇ ಕಾಯುತ್ತಾ ಕೂರುತ್ತವೆ. ಚೆನ್ನಾಗಿ ಕುದಿಸಿದರೆ ಸಾಯುತ್ತವಲ್ಲ ಎನ್ನಬಹುದು. ಹೌದು, ಆದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ.

ಭೌತಶಾಸ್ತ್ರವೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಆದ್ದರಿಂದ ಮಾಂಸದ ತುಂಬ ಮಂಜಿನ ಹರಳು ಇರುವವರೆಗೆ ಅದು ತಂಪಾಗಿಯೇ ಇರುತ್ತದೆ. ಅದಕ್ಕೇ ಆಹಾರ ಸುರಕ್ಷತೆಯ ನಿಯಮ ಹೀಗಿದೆ: ಮಂಜಿನ ಹರಳು ಇನ್ನೂ ಇದ್ದರೆ, ಅಥವಾ ಮಾಂಸ ಫ್ರಿಜ್‌ನ ಒಳಗೇ 4–5 ಡಿಗ್ರಿಯಲ್ಲಿ ಕರಗಿದ್ದರೆ, ಮತ್ತೆ ಫ್ರೀಜರ್‌ಗೆ ಇಡಬಹುದು. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಇಡಬಾರದು. 32 ಡಿಗ್ರಿ ದಾಟಿದ ಸೆಕೆಯಲ್ಲಿ ಈ ಗಡುವು ಒಂದೇ ಗಂಟೆ. ನಮ್ಮ ಕೊಪ್ಪಳ, ಗಂಗಾವತಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಆಗುವುದು ಹೊಸದೇನಲ್ಲ. ಆದ್ದರಿಂದ ನಮಗೆ ಒಂದು ಗಂಟೆಯ ಲೆಕ್ಕವೇ ಸರಿ.

ಮತ್ತೆ ಗಟ್ಟಿ ಮಾಡಿದ ಮಾಂಸಕ್ಕೆ ಮೊದಲಿನ ರುಚಿ ಇರುವುದಿಲ್ಲ, ನಿಜ. ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳುತ್ತವೆ, ಕರಗುವಾಗ ನೀರು ಸೋರಿ ಮಾಂಸ ನಾರಾಗುತ್ತದೆ. ಆದರೆ ಅದು ರುಚಿಯ ನಷ್ಟ, ಆರೋಗ್ಯದ ನಷ್ಟವಲ್ಲ. ಅವತ್ತು ಅಮ್ಮಿ ಮಾಡಹೊರಟದ್ದು ತಪ್ಪಾಗಿರಲಿಲ್ಲ. ಇನ್ನೂ ಒಳ್ಳೆಯ ದಾರಿ ಎಂದರೆ ಆಗಲೇ ಸಾಲನ್ ಮಾಡಿ, ಆರಿಸಿ, ಅದನ್ನು ಫ್ರಿಜ್‌ನಲ್ಲಿಡುವುದು.

"ಇಷ್ಟೆಲ್ಲ ಲೆಕ್ಕ ಯಾಕೆ, ಕರಗಿದ್ದನ್ನು ಮತ್ತೆ ಇಡಲೇಬಾರದು ಅಂದರೆ ಮುಗೀತಲ್ಲ" ಎಂದು ಗೆಳತಿಯೊಬ್ಬಳು ವಾದಿಸಿದಳು. ಸುಲಭದ ನಿಯಮ ನೆನಪಿಡಲು ಒಳ್ಳೆಯದು, ಒಪ್ಪುತ್ತೇನೆ. ಆದರೆ ಆ ನಿಯಮ ಹೇಳುವವರ ಮನೆಯಲ್ಲೇ ಬೆಳಿಗ್ಗೆ ಹೊರಗಿಟ್ಟ ಮಾಂಸ ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತಿರುತ್ತದೆ. "ಮತ್ತೆ ಇಟ್ಟಿಲ್ಲವಲ್ಲ" ಎಂಬ ಧೈರ್ಯ ಬೇರೆ. ಕಾರಣ ತಿಳಿಯದ ನಿಯಮ ಒಂದು ಕಡೆ ಅನ್ನ ಹಾಳು ಮಾಡಿಸುತ್ತದೆ, ಇನ್ನೊಂದು ಕಡೆ ಹೊಟ್ಟೆ ಹಾಳು ಮಾಡುತ್ತದೆ.

ನಾವು ಮಾಂಸ ಕೊಳ್ಳುವಾಗ ಹಲಾಲ್ ಹೌದೋ ಅಲ್ಲವೋ ಎಂದು ಕೇಳುತ್ತೇವೆ. ಹಲಾಲ್ ಜೊತೆಗೇ ತಯ್ಯಿಬ್, ಅಂದರೆ ಶುದ್ಧವೂ ಒಳ್ಳೆಯದೂ ಆಗಿರಬೇಕು ಎಂಬುದನ್ನು ನಮಗೆ ಕಲಿಸಿದ್ದಾರೆ. ಇಸ್ರಾಫ್, ಅಂದರೆ ಪೋಲು ಮಾಡುವುದು ತಪ್ಪೆಂದೂ ಕಲಿಸಿದ್ದಾರೆ. ಅಂಗಡಿಯಲ್ಲಿ ಕೇಳಿದ ಪ್ರಶ್ನೆ ಫ್ರಿಜ್‌ನ ಬಾಗಿಲಲ್ಲಿ ಮುಗಿಯಬಾರದು ಎಂಬುದು ನನ್ನ ಅಭಿಪ್ರಾಯ.

ಮಾಡಬೇಕಾದದ್ದು ಕಷ್ಟವೇನಲ್ಲ. ಮಾಂಸ ತಂದಾಗಲೇ ಒಂದು ಹೊತ್ತಿಗೆ ಬೇಕಾದಷ್ಟು ಸಣ್ಣ ಸಣ್ಣ ಪೊಟ್ಟಣ ಮಾಡಿ ಇಡಿ. ಆಗ ಬೇಗ ಗಟ್ಟಿಯಾಗುತ್ತದೆ, ಬೇಕಾದಷ್ಟನ್ನೇ ತೆಗೆಯಬಹುದು. ಕರಗಿಸಲು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಯಲ್ಲಿ, ಅಡಿಗೊಂದು ತಟ್ಟೆ ಕೊಟ್ಟು ಇಡಿ. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಒಂದು ಲೋಟದಲ್ಲಿ ನೀರು ಗಟ್ಟಿ ಮಾಡಿ, ಅದರ ಮೇಲೊಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳಕ್ಕೆ ಹೋಗಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಮಾಂಸ ಬೇಡ. ವಾಸನೆ ಬಂದಿಲ್ಲ ಎಂಬುದನ್ನು ನಂಬಬೇಡಿ, ಕಾಯಿಲೆ ತರುವ ಬ್ಯಾಕ್ಟೀರಿಯಾ ವಾಸನೆ ಕೊಡಲೇಬೇಕೆಂದಿಲ್ಲ.

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಪ್ರತಿವರ್ಷ ಜ್ವಾಲಾಮುಖಿ ಮಾಡುತ್ತೇವೆ. ಕೊಪ್ಪಳ ಜಿಲ್ಲೆಯಲ್ಲಿ ಜ್ವಾಲಾಮುಖಿ ಇಲ್ಲ, ಫ್ರಿಜ್ ಬಹಳ ಮನೆಗಳಲ್ಲಿದೆ. ಈ ಸಲ ಇದನ್ನೇ ಒಂದು ಚಾರ್ಟ್ ಮಾಡಿ, ಕನ್ನಡ ಮತ್ತು ಉರ್ದು ಎರಡರಲ್ಲೂ ಬರೆದು, ನೋಡಲು ಬರುವ ತಾಯಂದಿರಿಗೆ ತೋರಿಸೋಣ ಎಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ.

ದಾದಿಗೆ ಇದೆಲ್ಲ ವಿವರಿಸಿ ಮಾಫಿ ಕೇಳಿದೆ. ಕಳೆದ ವಾರ ಫ್ರೀಜರ್‌ನಿಂದ ತೆಗೆದ ಪೊಟ್ಟಣವನ್ನು ಅವರೇ ಬೆರಳಿನಿಂದ ಒತ್ತಿ ನೋಡಿ, "ನಡುವ ಇನ್ನಾ ಗಟ್ಟಿ ಐತಿ, ಅರ್ಧ ತೆಗದು ಅರ್ಧ ಒಳಗ ಇಡು" ಎಂದರು. ಏಳು ನಿಮಿಷವೂ ಆಗಿರಲಿಲ್ಲ. ಇಟ್ಟೆ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ