ಬಿಸಿಲಿಗೂ ಅಪ್ಪಣೆ ಬೇಕೆ?



ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಈ ಸಲ ಅಡುಗೆಮನೆಯಿಂದ ಸ್ವಲ್ಪ ಹೊರಗೆ, ತಾರಸಿಯ ಮೇಲೆ ಹೋಗೋಣ ಬನ್ನಿ.

ನಮ್ಮ ನಿಮ್ಮ ಮಕ್ಕಳೆಲ್ಲ ಓದು, ಕೆಲಸ, ಮದುವೆ ಎಂದು ಬೆಂಗಳೂರು, ಮೈಸೂರು ಸೇರುತ್ತಿದ್ದಾರಷ್ಟೆ. ಒಂದು ದಿನ ಫೋನು ಬರುತ್ತದೆ. "ಅಮ್ಮಾ, ಫ್ಲ್ಯಾಟ್ ನೋಡಿದ್ದೇವೆ, ಚೆನ್ನಾಗಿದೆ, ಸ್ವಲ್ಪ ದುಡ್ಡು ಕಡಿಮೆ ಬೀಳುತ್ತೆ." ಆಗ ನಾವು ಏನು ಕೇಳುತ್ತೇವೆ? ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆಗೆ ಗಾಳಿ ಬೆಳಕು ಇದೆಯೇ, ದೇವರ ಮನೆ ಉಂಟೇ? ಇಷ್ಟೇ. "ಅಲ್ಲಿನ ಸಂಘ ಹೇಗಿದೆ?" ಎಂದು ಕೇಳಿದ ತಾಯಿಯನ್ನು ನಾನಂತೂ ಕಂಡಿಲ್ಲ. ನಾನೂ ಕೇಳುತ್ತಿರಲಿಲ್ಲ. 2024ರ ಬೇಸಿಗೆಯಲ್ಲಿ ಮೂರು ತಿಂಗಳು ಅಂಥ ಮನೆಯಲ್ಲಿ ಇದ್ದು ಬಂದ ಮೇಲೆಯೇ ನನಗೆ ಬುದ್ಧಿ ಬಂದದ್ದು.

ನಮ್ಮ ಹಿರಿಮಗಳು ಬಾಣಂತನ ಮುಗಿಸಿಕೊಂಡು ಐದು ತಿಂಗಳ ಕೂಸಿನೊಂದಿಗೆ ಬೆಂಗಳೂರಿಗೆ ಹೊರಟಾಗ ನಾನೂ ನಮ್ಮತ್ತೆಯವರೂ ಜೊತೆಗೆ ಹೋದೆವು. ಅಳಿಯಂದಿರು ಬಾಡಿಗೆಗಿದ್ದದ್ದು ಊರಾಚೆಯ ಒಂದು ದೊಡ್ಡ ಕಟ್ಟಡದ ಆರನೇ ಮಹಡಿಯಲ್ಲಿ. ನೂರಕ್ಕೂ ಹೆಚ್ಚು ಮನೆ, ಲಿಫ್ಟು, ಗೇಟಿನಲ್ಲಿ ಕಾವಲು, ಮಕ್ಕಳಿಗೆ ಆಟದ ಜಾಗ. ಬೆಳಕವಾಡಿಯ ಹೆಂಚಿನ ಮನೆಯಲ್ಲಿ ಬಾಳಿದ ನಮ್ಮತ್ತೆಗೆ ಮೊದಲ ವಾರ ಎಲ್ಲವೂ ಚೆಂದವೇ.

ಎರಡನೇ ವಾರ ಸಬ್ಬಕ್ಕಿ ಸಂಡಿಗೆಯ ಹಿಟ್ಟು ಕಾಸಿದರು. ನಾನು ಪಾತ್ರೆ ಹಿಡಿದು, ಅವರು ಹಳೇ ಸೀರೆ ಹಿಡಿದು ತಾರಸಿಗೆ ಹೋದರೆ ಬಾಗಿಲಿಗೆ ಬೀಗ! ಕಾವಲಿನ ಹುಡುಗ ಓಡಿಬಂದು, "ಅಸೋಸಿಯೇಷನ್ ಪರ್ಮಿಷನ್ ಬೇಕು ಅಜ್ಜಿ" ಎಂದ. ನಮ್ಮತ್ತೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಏನವ್ವಾ ಇದು, ಬಿಸ್ಲಿಗೂ ಅಪ್ಪಣೆ ಕೇಳ್ಬೇಕಾ? ಸೂರ್ಯದೇವ್ರು ಯಾವ ಸಂಘಕ್ಕೆ ಚಂದಾ ಕಟ್ಟವ್ನೆ?" ಅಂದರು. ಅಂದು ಸಂಡಿಗೆಯನ್ನು ಬಾಲ್ಕನಿಯ ಮಂಚದ ಮೇಲೆ ಇಟ್ಟೆವು. ಅರ್ಧ ಒಣಗಿತು, ಅರ್ಧ ಹುಳಿಬಂತು. ಸಂಜೆಗೆ ಇನ್ನೊಂದು ಚೀಟಿ ಬಂತು. ಕೂಸಿನ ಬಟ್ಟೆಗಳನ್ನು ಹೊರಗೆ ಕಾಣುವಂತೆ ಬಾಲ್ಕನಿ ಕಂಬಿಯ ಮೇಲೆ ಹರವಬಾರದಂತೆ, ಕಟ್ಟಡದ ಅಂದ ಕೆಡುತ್ತದಂತೆ. ಐದು ತಿಂಗಳ ಕೂಸಿನ ಮನೆಯಲ್ಲಿ ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತದೆಂದು ಆ ಚೀಟಿ ಬರೆದವರಿಗೆ ಗೊತ್ತಿತ್ತೋ ಇಲ್ಲವೋ!

ಸಿಟ್ಟು ಬಂದದ್ದು ನಿಜ. ಆದರೆ ಒಂದೇ ಕಣ್ಣಿನಲ್ಲಿ ನೋಡಬಾರದು. ತಾರಸಿಯ ಮೇಲೆ ನೀರಿನ ಟ್ಯಾಂಕುಗಳಿದ್ದವು, ಸೋಲಾರ್ ಹಲಗೆಗಳಿದ್ದವು, ಮಕ್ಕಳು ಹತ್ತಿದರೆ ಅಪಾಯವಿತ್ತು. ಬೀಗ ಹಾಕಿದ್ದು ತಪ್ಪಲ್ಲ. ಬೀಗದ ಕೈ ಯಾರಿಗೆ, ಯಾವಾಗ ಕೊಡಬೇಕೆಂದು ಯಾರೂ ಯೋಚಿಸದಿದ್ದದ್ದು ತಪ್ಪು.

ಸಂಘದ ಒಳ್ಳೆಯ ಮುಖವನ್ನೂ ಅದೇ ಬೇಸಿಗೆ ತೋರಿಸಿತು. ಆ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಂಥ ಹಾಹಾಕಾರವೆದ್ದಿತೆಂದು ನೀವೂ ಓದಿರುತ್ತೀರಿ. ವಿಚಿತ್ರ ನೋಡಿ. ಕಾವೇರಿ ನೀರು ಬೆಂಗಳೂರಿಗೆ ಹೊರಡುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ. 1974ರಲ್ಲಿ ಮೊದಲ ಹಂತ ಆದಾಗಿನಿಂದಲೂ ಇಲ್ಲಿ ಶುದ್ಧಮಾಡಿ, ಇಲ್ಲಿಂದ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪು ಮಾಡಿ ಸುಮಾರು ನೂರು ಕಿಲೋಮೀಟರು ಸಾಗಿಸುತ್ತಾರೆ. ನಮ್ಮೂರ ಕಡೆಯ ನೀರು ಅಷ್ಟು ದೂರ ಹೋಗಿದೆ, ಆದರೆ ಮಗಳ ಕಟ್ಟಡಕ್ಕೆ ಆಗ ಆ ಕೊಳವೆಯೇ ಇಲ್ಲ! ಕೊಳವೆಬಾವಿ ಬತ್ತಿತ್ತು, ಟ್ಯಾಂಕರೇ ಗತಿ. ಹೊರವಲಯದ 110 ಹಳ್ಳಿಗಳಿಗೆಂದು ಐದನೇ ಹಂತ ಉದ್ಘಾಟನೆಯಾದದ್ದು ಆ ವರ್ಷದ ಅಕ್ಟೋಬರ್ 16ಕ್ಕೆ.

ಆ ದಿನಗಳಲ್ಲಿ ಸಂಘದವರು ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಎರಡು ಗಂಟೆ ನೀರು ಬಿಡುವುದೆಂದು ಹಂಚಿಕೆ ಮಾಡಿದರು. ಜಲಮಂಡಳಿಯ ಆಜ್ಞೆಯಂತೆ ನಲ್ಲಿಗಳಿಗೆ ನೀರು ಮಿತವಾಗಿ ಬರುವ ಏರೇಟರ್ ಹಾಕಿಸಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಮಂಡಳಿ ಹೇಳಿತ್ತು. ಸಂಘ ಅದನ್ನು ಗೋಡೆಗೆ ಅಂಟಿಸಿ ಕಾವಲೂ ಇಟ್ಟಿತು. ಎಲ್ಲ ಮನೆಗಳೂ ಒಟ್ಟಾಗಿ ಟ್ಯಾಂಕರಿನವನ ಬಳಿ ಮಾತಾಡಿದ್ದರಿಂದ ದರವೂ ಹಿಡಿತದಲ್ಲಿತ್ತು. ಪಕ್ಕದ ರಸ್ತೆಯಲ್ಲಿ ಒಂಟಿ ಮನೆಯವರು ಬಿಂದಿಗೆ ಹಿಡಿದು ಓಡಾಡುವುದನ್ನು ಕಿಟಕಿಯಿಂದ ಕಂಡಾಗ, ಸಂಘ ಎಂದರೆ ಬರೀ ಚೀಟಿ ಅಂಟಿಸುವವರಲ್ಲ ಎಂದು ನನಗೆ ಅನ್ನಿಸಿತು.

ಇನ್ನೊಂದು ರಾತ್ರಿ. ಎರಡು ಗಂಟೆಯ ಹೊತ್ತಿಗೆ ನಮ್ಮತ್ತೆಗೆ ಎದೆ ಹಿಡಿದುಕೊಂಡು ಬೆವರು ಕಿತ್ತುಕೊಂಡಿತು. ಕರೆಂಟೂ ಇಲ್ಲ. ಮಗಳು ಗೇಟಿಗೆ ಫೋನು ಮಾಡಿದಳು. ಐದು ನಿಮಿಷದಲ್ಲಿ ಇಬ್ಬರು ಕಾವಲಿನವರು ಗಾಲಿಕುರ್ಚಿ ತಂದರು, ಜನರೇಟರಿನಲ್ಲಿ ಲಿಫ್ಟು ಇಳಿಯಿತು. ಮೂರನೇ ಮಹಡಿಯ ಡಾಕ್ಟರಮ್ಮ ರಾತ್ರಿಯುಡುಪಿನಲ್ಲೇ ಬಂದು ನಾಡಿ ನೋಡಿದರು. ಆಂಬುಲೆನ್ಸು ಬಂದಾಗ ಗೇಟು ತೆರೆದೇ ಇತ್ತು. ದೇವರ ದಯೆ, ಅತ್ತೆ ನಾಲ್ಕು ದಿನಕ್ಕೆ ಮನೆಗೆ ಬಂದರು. ನಮ್ಮೂರಿನಲ್ಲಾಗಿದ್ದರೂ ಬೀದಿಯವರೆಲ್ಲ ಓಡಿಬರುತ್ತಿದ್ದರು, ಆ ಮಾತು ಬೇರೆ. ಆದರೆ ಅಪರಾತ್ರಿಯಲ್ಲಿ ಕಾರು ಹುಡುಕಿ ಮಳವಳ್ಳಿಯನ್ನೋ ಕೊಳ್ಳೇಗಾಲವನ್ನೋ ಮುಟ್ಟುವ ಹೊತ್ತಿಗೆ ಏನಾಗುತ್ತಿತ್ತೋ!

ಈ ಅನುಕೂಲಕ್ಕೆಲ್ಲ ದುಡ್ಡು ಎಲ್ಲಿಂದ ಎನ್ನುತ್ತೀರಾ? ಪ್ರತಿ ಮನೆಯೂ ತಿಂಗಳು ತಿಂಗಳು 'ಮೆಂಟೆನೆನ್ಸ್' ಕಟ್ಟಬೇಕು. ಮಗಳ ಮನೆಗೆ ಚದರಡಿಗೆ ನಾಲ್ಕು ರೂಪಾಯಿಯಂತೆ 4,400 ಆಗುತ್ತಿತ್ತು. ಕಾವಲು, ಗುಡಿಸುವವರ ಸಂಬಳ, ಲಿಫ್ಟು, ಡೀಸೆಲ್ಲು, ಮೋಟಾರು, ಕೊಳಚೆ ನೀರು ಶುದ್ಧಮಾಡುವ ಯಂತ್ರ, ಎಲ್ಲಕ್ಕೂ ಅದೇ ಹಣ. ಒಂದು ಮನೆಗೆ ತಿಂಗಳಿಗೆ 7,500 ರೂಪಾಯಿ ದಾಟಿ, ಸಂಘದ ವರ್ಷದ ವರಮಾನ 20 ಲಕ್ಷ ದಾಟಿದರೆ ಶೇಕಡಾ 18ರ ಜಿ.ಎಸ್.ಟಿ. ಬೇರೆ. "ನಾವು ಕೆಳಗಿನ ಮನೆಯವರು, ಲಿಫ್ಟು ಹತ್ತೋದೇ ಇಲ್ಲ, ಯಾಕೆ ಕೊಡಬೇಕು?" ಎಂದು ವಾದಿಸಿದರೆ ನಡೆಯದು. ಬಳಸದೆ ಬಿಟ್ಟರೂ ಸಾಮಾನ್ಯ ಖರ್ಚಿನ ಪಾಲು ತಪ್ಪದು ಎಂದೇ ಕಾನೂನು. ಬಾಕಿ ಉಳಿಸಿದರೆ ಅದು ಮನೆಯ ಮೇಲಿನ ಹೊರೆಯಾಗುತ್ತದೆ. ಮುಂದೆ ಆ ಮನೆ ಕೊಂಡವರ ತಲೆಗೂ ಬರಬಹುದು.

ಇಷ್ಟು ಹೇಳಿದ ಮೇಲೆ ನಮ್ಮೂರಿನ ಬೀದಿಗೆ ನಿಯಮವೇ ಇಲ್ಲ ಎಂದುಕೊಳ್ಳಬೇಡಿ. ಬರೆದಿಟ್ಟಿಲ್ಲ, ಅಷ್ಟೇ. ಯಾರ ಮನೆಯ ಮುಂದೆ ಕಸ ಬಿದ್ದಿದೆ, ಯಾರ ಮಗಳು ಎಷ್ಟು ಹೊತ್ತಿಗೆ ಬಸ್ಸಿಳಿದಳು, ಯಾರ ಮನೆಗೆ ಯಾವ ನೆಂಟರು, ಎಲ್ಲದಕ್ಕೂ ಬೀದಿಯ ಅಪ್ಪಣೆ ಬೇಕೇ ಬೇಕು. ಬೆಂಗಳೂರಿನ ಆ ಕಟ್ಟಡದಲ್ಲಿ ಮಗಳು ರಾತ್ರಿ ಹತ್ತಕ್ಕೆ ಕೆಲಸದಿಂದ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ಬಟ್ಟೆ ಒಣಗಿಸಲು ಕಟ್ಟು, ಇಲ್ಲಿ ಬಾಯಿ ಒಣಗುವಷ್ಟು ವಿವರಣೆ! ಯಾವುದು ಹಿತ, ನೀವೇ ಹೇಳಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಟ್ಟೆಯ ಚೀಟಿ ಬಂದ ಮೇಲೆ ಅಳಿಯಂದಿರು ಸಂಘದ ಸಭೆಗೆ ಹೋದರು. "ಬಾಡಿಗೆಯವರಿಗೆ ಇಲ್ಲಿ ಮಾತಿಲ್ಲ" ಎಂದು ಕೂರಿಸಿದರಂತೆ. ಅಲ್ಲಿದ್ದವರೆಲ್ಲ ಗಂಡಸರೇ ಎಂದು ಅವರು ಮನೆಗೆ ಬಂದು ಹೇಳಿದಾಗ ನನಗೆ ಥಟ್ಟನೆ ಹೊಳೆಯಿತು. ಬಟ್ಟೆ ಒಗೆಯುವವರು ನಾವು, ಸಂಡಿಗೆ ಹಾಕುವವರು ನಾವು, ನೀರು ನಿಂತರೆ ಪಾತ್ರೆಯ ಮುಂದೆ ಕೂರುವವರು ನಾವು, ಕೆಲಸದ ಹೆಣ್ಣುಮಗಳು ಯಾವ ಲಿಫ್ಟಿನಲ್ಲಿ ಬರಬೇಕೆಂಬ ನಿಯಮದ ಬಿಸಿ ತಟ್ಟುವುದೂ ನಮಗೇ. ನಿಯಮ ಬರೆಯುವ ಕಡೆ ಮಾತ್ರ ನಾವಿಲ್ಲ!

ನಾಲ್ಕನೇ ಮಹಡಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದರು, ಸ್ವಂತ ಮನೆ. ಅವರ ಬಳಿ ಹೋಗಿ ಕೂತೆವು. ಮಗಳು ತನ್ನ ಮನೆಯ ಮಾಲೀಕರಿಂದ ಪ್ರತಿನಿಧಿ ಪತ್ರ ತರಿಸಿಕೊಂಡಳು. ಮುಂದಿನ ಸಭೆಗೆ ಹನ್ನೊಂದು ಜನ ಹೆಂಗಸರು ಹೋದರು. ಜಗಳವಾಡಲಿಲ್ಲ. ಬೇಸಿಗೆಯಲ್ಲಿ ಭಾನುವಾರ ಎಂಟರಿಂದ ನಾಲ್ಕರವರೆಗೆ ತಾರಸಿ ತೆರೆಯಬೇಕು, ಒಬ್ಬರು ಮಕ್ಕಳನ್ನು ನೋಡಿಕೊಳ್ಳಬೇಕು, ಬಾಲ್ಕನಿಯಲ್ಲಿ ಕಂಬಿಗಿಂತ ತಗ್ಗಿನ ಸ್ಟ್ಯಾಂಡಿನ ಮೇಲೆ ಬಟ್ಟೆ ಹಾಕಬಹುದು ಎಂದು ಮೂರು ಸಾಲು ಬರೆದುಕೊಂಡು ಹೋಗಿದ್ದರು. ಅರ್ಧ ಗಂಟೆಯಲ್ಲಿ ಒಪ್ಪಿಗೆಯಾಯಿತು. ಎದುರು ಕೂತವರು ಕೆಟ್ಟವರಾಗಿರಲಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಮರುಭಾನುವಾರ ತಾರಸಿಯಲ್ಲಿ ಆರು ಸೀರೆ ಹಾಸಿದ್ದವು. ನಮ್ಮತ್ತೆ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಉಪ್ಪು ಎಷ್ಟೆಂದು ಹೇಳುತ್ತಿದ್ದರು.

ಮುಂದೆ ಮಗಳು ಅಳಿಯ ಸ್ವಂತ ಮನೆ ಕೊಳ್ಳುವ ಮಾತೆತ್ತಿದರು. ಮಳವಳ್ಳಿಯಲ್ಲಿದ್ದ ನಮ್ಮ ಒಂದು ಸೈಟು ಮಾರಿ ಕೈಜೋಡಿಸಬೇಕು. ಅದು ನಮ್ಮ ವೃದ್ಧಾಪ್ಯಕ್ಕೆಂದು ಇಟ್ಟದ್ದು. ನಮ್ಮ ಯಜಮಾನರು ಒಂದು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ನಾನು ಹೇಳಿದೆ, "ಕೊಡೋಣ. ಆದರೆ ಕೆಲವು ವಿಷಯ ಕೇಳಿ ತಿಳಿದುಕೊಂಡು ಕೊಡೋಣ." ಆಗ ನಾವು ಕೇಳಿದ್ದನ್ನು ನಿಮಗೂ ಬರೆಯುತ್ತೇನೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಒಂದು, ಸಂಘ ನೋಂದಣಿಯಾಗಿದೆಯೇ, ಯಾವ ಕಾನೂನಿನಡಿ? ಫ್ಲ್ಯಾಟುಗಳಿಗೆಂದೇ ನಮ್ಮ ರಾಜ್ಯದಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಇದೆ. ಹೊಸ ಕಟ್ಟಡವಾದರೆ ಸಂಘ ಕಟ್ಟಿಕೊಳ್ಳಲು ಅನುವು ಮಾಡಿಕೊಡುವುದು ಕಟ್ಟಿದವರ ಕರ್ತವ್ಯ ಎಂದು 2016ರ ರೇರಾ ಕಾಯಿದೆ ಹೇಳುತ್ತದೆ.

ಎರಡು, ಬೈಲಾ, ಅಂದರೆ ಸಂಘದ ನಿಯಮಗಳ ಪುಸ್ತಕ. ಮುಂಗಡ ಕೊಡುವ ಮೊದಲೇ ತರಿಸಿ ಓದಿ. ಬಟ್ಟೆ, ತಾರಸಿ, ಸಾಕುಪ್ರಾಣಿ, ನೆಂಟರ ವಾಹನ, ಬಾಡಿಗೆಗೆ ಕೊಡುವುದು, ಹಬ್ಬದ ಮೈಕು, ಎಲ್ಲವೂ ಅದರಲ್ಲಿ ಇರುತ್ತದೆ.

ಮೂರು, ಲೆಕ್ಕ. ವರ್ಷಾವರ್ಷ ಆಡಿಟ್ ಆಗುತ್ತದೆಯೇ? ಲಿಫ್ಟು ಕೆಟ್ಟರೆ, ಬಣ್ಣ ಹೊಡೆಸಬೇಕಾದರೆ ಇಡುಗಂಟು ಎಷ್ಟಿದೆ? ಇಡುಗಂಟಿಲ್ಲದ ಸಂಘ ಇದ್ದಕ್ಕಿದ್ದಂತೆ ಮನೆಮನೆಗೂ ದೊಡ್ಡ ಮೊತ್ತ ಹಾಕುತ್ತದೆ.

ನಾಲ್ಕು, ಹಳೆಯ ಮನೆಯಾದರೆ ಬಾಕಿ ಇಲ್ಲವೆಂದು ಸಂಘದಿಂದ ಪತ್ರ. ಹೊಸದಾದರೆ, ಕಟ್ಟಡದಲ್ಲಿ ದೋಷ ಕಂಡು ಸ್ವಾಧೀನ ಪಡೆದ ಐದು ವರ್ಷದೊಳಗೆ ತಿಳಿಸಿದರೆ ಕಟ್ಟಿದವರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕೆಂದು ರೇರಾದಲ್ಲಿದೆ. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಸಂಘವೇ ಕೇಳಿದರೆ ಕೆಲಸ ಬೇಗ.

ಐದು, ನೀರು ಎಲ್ಲಿಂದ? ಕಾವೇರಿಯೋ, ಕೊಳವೆಬಾವಿಯೋ, ಟ್ಯಾಂಕರೋ? ಹೋದ ಬೇಸಿಗೆಯಲ್ಲಿ ಏನು ಮಾಡಿದರು ಎಂದು ಅಲ್ಲಿರುವ ಹೆಂಗಸರನ್ನೇ ಕೇಳಿ, ಮಾರುವವರನ್ನಲ್ಲ.

ಆರನೆಯದು ನನ್ನ ಷರತ್ತು. ಮನೆಯ ಪತ್ರದಲ್ಲಿ ಮಗಳ ಹೆಸರೂ ಇರಬೇಕು. ಪತ್ರದಲ್ಲಿ ಹೆಸರಿದ್ದವರ ಮಾತಿಗೇ ಸಂಘದಲ್ಲಿ ಬೆಲೆ. ಅಳಿಯಂದಿರು ಒಳ್ಳೆಯವರು, "ಅದಕ್ಕೇನತ್ತೆ, ಮೊದಲು ಅವಳ ಹೆಸರೇ ಇರಲಿ" ಎಂದರು. ಸೈಟು ಮಾರಿದೆವು. ರಿಜಿಸ್ಟರ್ ಆದ ದಿನ ನಮ್ಮತ್ತೆ ಮೊಮ್ಮಗಳಿಗೆ ಹೇಳಿದ್ದು ಇಷ್ಟು: "ಸಭೆಗೆ ಓಗು ಮಗ. ಓಗ್ದೆ ಮನೇಲಿ ಕೂತ್ಕಂಡು ಗೊಣಗಬ್ಯಾಡ."

ನಿಮ್ಮ ಮಕ್ಕಳಿಗೂ ಇದನ್ನೇ ಹೇಳಿ. ಮಂಡ್ಯ, ಮೈಸೂರಿನ ಹೊಸ ಬಡಾವಣೆಗಳಲ್ಲೂ ಈಗ ಗೇಟು, ಸಂಘ, ಚಂದಾ ಬಂದಿವೆ. ನಾಳೆ ನಮ್ಮ ನಿಮ್ಮ ಬಾಗಿಲಿಗೂ ಬಂದೀತು. ಬರಲಿ. ತಿಂಗಳ ಹಣ ಕಟ್ಟುವಾಗ ರಸೀದಿ ಪಡೆಯಿರಿ, ಸಭೆಯ ದಿನ ಒಲೆ ಆರಿಸಿ ಹೊರಡಿ. ಅಂದು ಮನೆಯಲ್ಲಿ ಚಿತ್ರಾನ್ನವಾದರೂ ಸಾಕು, ಯಾರೂ ಉಪವಾಸ ಇರುವುದಿಲ್ಲ!

ಮುಂದಿನ ಸಂಚಿಕೆಯಲ್ಲಿ, ಬಿಸಿಲು ಕಡಿಮೆಯಿರುವ ಮನೆಯಲ್ಲಿ ಸಂಡಿಗೆ ಹುಳಿಬಾರದಂತೆ ಒಣಗಿಸುವುದು ಹೇಗೆಂದು ನಮ್ಮತ್ತೆಯವರಿಂದ ಕೇಳಿ ಬರೆಯುತ್ತೇನೆ. ಬರಲೇ?